ಅಂಗಾಲು ನೋಡುವ ಡಾಕ್ಟರ್

ಹೊಸ ಅರಿವಳಿಕೆ ಡಾಕ್ಟರ್ ಮತ್ತೆ ಬಂದಿದ್ದ.

ಆಪರೇಷನ್ ಆದ ಕೂಸುಗಳನ್ನು ಮಲಗಿಸುವ ಈ ಕೋಣೆಯಲ್ಲಿ ಅವನಿಗೇನು ಕೆಲಸ? ಥಿಯೇಟರಿನಲ್ಲಿ ಸೂಜಿ ಚುಚ್ಚಿ ಆಯಿತು, ಮಗುವನ್ನು ನರ್ಸಿಗೆ ಒಪ್ಪಿಸಿಯೂ ಆಯಿತು. ಆದರೂ ದಿನಾ ಬರುತ್ತಾನೆ. ಹೊದಿಕೆ ಸರಿಸಿ ಮಗುವಿನ ಅಂಗಾಲು ತಿರುವಿ ನೋಡುತ್ತಾನೆ. ಆಮೇಲೆ ಕಣ್ಣೆತ್ತಿ ನರ್ಸನ್ನು ನೋಡುತ್ತಾನೆ. ಆ ಕಣ್ಣನ್ನು ಬೇಗ ತೆಗೆಯುವುದೂ ಇಲ್ಲ.

"ನಿನ್ನನ್ನ ನೋಡೋಕೆ ಬರೋದು ಕಣೇ," ಎಂದು ಆಯಾ ಹಲ್ಲು ಕಿರಿದಳು.

"ನನ್ನನ್ನ ನೋಡೋಕೆ ಬರೋನು ಮಗು ಕಾಲು ಯಾಕೆ ನೋಡ್ತಾನೆ? ಏನೋ ಮುಚ್ಚಿಡ್ತಿದಾನೆ," ಎಂದಳು ನರ್ಸು.

ಅವಳ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಮಕ್ಕಳು ಥಿಯೇಟರಿನಿಂದ ಬರುವಾಗಲೇ ಸೂರು ಹಾರಿಹೋಗುವ ಹಾಗೆ ಅಳುತ್ತಿದ್ದವು. ಇವನು ಬಂದ ಮೇಲೆ ಒಂದೂ ಅಳುವುದಿಲ್ಲ. ಕಿಬ್ಬೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಹಸುಗೂಸು ಅಷ್ಟು ನಿರಾಳವಾಗಿ ಮಲಗುವುದುಂಟೇ? ಹಳೆಯ ಸಿಸ್ಟರು ಕಲಿಸಿದಂತೆ ಅಂಗಾಲಿಗೆ ಬೆರಳಿನಿಂದ ಟಕ್ಕೆಂದು ಹೊಡೆದು ನೋಡಿದ್ದಳು. ಮಗು ಮಿಸುಕಲಿಲ್ಲ. ಇನ್ನೂ ಜೋರಾಗಿ ಹೊಡೆದಳು. ಊಹೂಂ. ಅಲ್ಲಿಗೆ ಖಾತ್ರಿಯಾಯಿತು. ಒಳ್ಳೆಯ ಹೆಸರು ತೆಗೆದುಕೊಳ್ಳಲು ಇವನು ಮತ್ತಿನ ಔಷಧವನ್ನು ಅಳತೆ ಮೀರಿ ಕೊಡುತ್ತಿದ್ದಾನೆ.

ನಾಳೆ ಅವಳ ಅಣ್ಣನ ಮಗುವಿಗೆ ಹರ್ನಿಯಾ ಆಪರೇಷನ್. ಇನ್ನೂ ಕತ್ತು ನಿಲ್ಲದ ಕೂಸು. ತಡಮಾಡಿದರೆ ಕರುಳು ಸಿಕ್ಕಿಕೊಳ್ಳುವ ಭಯ, ಕಳಿಸಿದರೆ ಇವನ ಸೂಜಿಯ ಭಯ. "ನೀನು ಹೂಂ ಅಂದ್ರೆ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ," ಎಂದು ಅತ್ತಿಗೆ ಪಟ್ಟುಹಿಡಿದು ಕೂತಿದ್ದಾಳೆ.

ಇದರ ಮೇಲೆ ಇನ್ನೊಂದು ಪೀಡೆ. ಅವನು ಬರುವುದು ತಡವಾದರೆ ನರ್ಸಿನ ಕಣ್ಣು ತಾನಾಗಿ ಬಾಗಿಲ ಕಡೆಗೆ ಹೋಗುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅದಕ್ಕೆ ಎಷ್ಟು ಬುದ್ಧಿ ಹೇಳಿದರೂ ಕೇಳುತ್ತಿರಲಿಲ್ಲ.

ಇವತ್ತು ಅವಳು ಅಡ್ಡ ನಿಂತಳು. "ಡಾಕ್ಟ್ರೇ, ದಿನಾ ಬಂದು ಏನು ಹುಡುಕ್ತೀರ?"

"ಕಳ್ಳರನ್ನ." ಅವನು ಮಗುವಿನ ಕಾಲನ್ನು ಬೆಳಕಿಗೆ ಹಿಡಿದ. ಅಂಗಾಲಿನಲ್ಲಿ ಕೆಂಪಗೆ ಬೆರಳಿನ ಗುರುತು. "ಯಾರೋ ಈ ಮಕ್ಕಳ ಕಾಲಿಗೆ ಹೊಡೀತಿದಾರೆ. ಯಾರು ಅಂತ ಗೊತ್ತಾಗೋ ತನಕ ಬರ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನರ್ಸು ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಹಾಗಾದರೆ ಅವನು ತನ್ನನ್ನು ಅಷ್ಟು ಹೊತ್ತು ನೋಡುತ್ತಿದ್ದುದು ಅನುಮಾನದಿಂದ! ಅವಳಿಗೆ ನಾಚಿಕೆಗಿಂತ ನೋವೇ ಹೆಚ್ಚಾಯಿತು.

"ನಾನೇ," ಎಂದಳು. "ಎಚ್ಚರ ಇದೆಯಾ ಅಂತ ನೋಡಿದೆ. ಅಳಲೇ ಇಲ್ಲ. ನೀವು ಮತ್ತಿನ ಔಷಧ ಜಾಸ್ತಿ ಕೊಡ್ತಿದೀರ."

ಅವನು ಅವಳನ್ನೇ ನೋಡಿದ. ಆಮೇಲೆ ಸ್ಟೂಲು ಎಳೆದುಕೊಂಡು ಕೂತ. "ಬೆನ್ನಿನ ಬುಡದಲ್ಲಿ ಒಂದು ಸಣ್ಣ ಸೂಜಿ ಹಾಕ್ತೀನಿ. ಕೆಲವು ಗಂಟೆ ಸೊಂಟದ ಕೆಳಗೆ ಜೋಮು. ಹೊಲಿಗೆ ನೋವೂ ಗೊತ್ತಾಗಲ್ಲ, ನಿಮ್ಮ ಏಟೂ ಗೊತ್ತಾಗಲ್ಲ. ಮತ್ತಿನ ಔಷಧ ಮೊದಲಿಗಿಂತ ಕಮ್ಮೀನೇ ಕೊಡೋದು. ಕೆನ್ನೆ ಮುಟ್ಟಿ ನೋಡಿ."

ಅವಳು ಮುಟ್ಟಿದಳು. ಮಗು ಬೆರಳಿನ ಕಡೆಗೆ ಬಾಯಿ ತಿರುಗಿಸಿ ಹಾಲು ಹುಡುಕಿತು, ಸಿಗದೆ ಕಣ್ಣು ಬಿಟ್ಟು ಗುರ್ರೆಂದು ನೋಡಿತು.

"ವಾರ್ಡಿನೋರಿಗೆ ಇದನ್ನ ಮೊದಲೇ ಹೇಳೋದು ಬೇಡ್ವಾ?"

"ಹೇಳಬೇಕಿತ್ತು. ತಪ್ಪು ನಂದು."

ತಪ್ಪು ಒಪ್ಪಿಕೊಳ್ಳುವ ಡಾಕ್ಟರನ್ನು ಅವಳು ಕಂಡೇ ಇರಲಿಲ್ಲ. ಅವಳಿಗೆ ಅದರ ಮೇಲೂ ಅನುಮಾನ ಬಂತು.

ಆದರೂ ಸಂಜೆ ಅತ್ತಿಗೆಗೆ ಹೂಂ ಎಂದಳು. ಎಂದ ಮೇಲೆ ಜೀವ ಬಾಯಿಗೆ ಬಂತು. ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ಮಗುವನ್ನು ತಾನೇ ಅವನ ಕೈಗಿತ್ತಳು.

"ಏನಾದ್ರೂ ಆದ್ರೆ ನಿಮ್ಮನ್ನ ಬಿಡಲ್ಲ."

"ಗೊತ್ತು," ಎಂದ. ನಗಲಿಲ್ಲ.

ಮಧ್ಯಾಹ್ನ ಮಗು ಅತ್ತಿಗೆಯ ಮಡಿಲಲ್ಲಿ ಗುಟುಕು ಗುಟುಕಾಗಿ ಹಾಲು ಕುಡಿಯುತ್ತಿತ್ತು. ಉಸಿರು ಸರಿಯಿತ್ತು, ಬಣ್ಣ ಸರಿಯಿತ್ತು. ಅತ್ತಿದ್ದು ಅತ್ತಿಗೆ ಮಾತ್ರ.

ನರ್ಸು ಹೊರಗೆ ಬಂದರೆ ಅವನು ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದ.

"ಕಳ್ಳಿ ಸಿಕ್ಕಾಯ್ತಲ್ಲ. ಇನ್ನೂ ಯಾಕೆ ಬರ್ತೀರ?"

"ಮೊದಲು ಹುಡುಕೋಕೇ ಬರ್ತಿದ್ದೆ," ಎಂದ ಅವನು, ಶೂ ನೋಡಿಕೊಳ್ಳುತ್ತಾ. "ಆಮೇಲಾಮೇಲೆ, ಅದು ನೀವಾಗಿರಬಾರದಪ್ಪಾ ಅಂತ ಬೇಡ್ಕೊಂಡು ಬರ್ತಿದ್ದೆ."

ಆ ಮಾತು ಅವಳಿಗೆ ಹಿಡಿಸಿತು. ಆದರೂ ಹುಟ್ಟುಗುಣ ಬಿಟ್ಟೀತೇ? "ಈ ಮಾತು ಎಷ್ಟು ಜನಕ್ಕೆ ಹೇಳಿದೀರ?"

"ವಿಚಾರಿಸಿ."

"ವಿಚಾರಿಸ್ತೀನಿ. ನಾನು ಜೀವಮಾನವಿಡೀ ಅನುಮಾನ ಪಡೋಳು. ತಡ್ಕೊಳ್ಳೋಕೆ ಆಗುತ್ತಾ?"

"ಹಸುಗೂಸಿನ ಬೆನ್ನಿಗೆ ಸೂಜಿ ಹಾಕೋ ಕೆಲಸ ನಂದು. ಪಕ್ಕದಲ್ಲಿ ಅನುಮಾನ ಪಡೋರೊಬ್ರು ಇರ್ಲೇಬೇಕು." ಅವನು ತಲೆಯೆತ್ತಿದ. "ಮನೇಲೂ ಇದ್ರೆ ಒಳ್ಳೇದು."

ಅವಳು ಅವನ ಮುಖವನ್ನು ಹುಬ್ಬಿನಿಂದ ಗಲ್ಲದ ತನಕ ಪರೀಕ್ಷೆ ಮಾಡಿದಳು. ಸುಳ್ಳು ಎಲ್ಲಿಯೂ ಸಿಗಲಿಲ್ಲ. ಕಣ್ಣ ಕೆಳಗೆ ಆಯಾಸವಿತ್ತು, ತುಟಿ ಒಣಗಿತ್ತು.

"ಊಟ ಮಾಡಿದ್ರಾ?"

"ಹೂಂ, ಆಯ್ತು."

"ಸುಳ್ಳು," ಎಂದು ಅವಳು ಅವನ ಕೈ ಹಿಡಿದು ಕ್ಯಾಂಟೀನಿನ ಕಡೆ ಎಳೆದುಕೊಂಡು ಹೊರಟಳು.