ಪಕ್ಕದ ಗುಳಿ

"ನನ್ನ ತಂಗೀನ ಯಾಕ್ರೀ ತೆಗೆದುಹಾಕಿದ್ರಿ?"

ಅವಳು ಕಂಪ್ಯೂಟರಿನಿಂದ ತಲೆಯೆತ್ತಿದಳು. ಬಾಗಿಲಲ್ಲಿ ಲ್ಯಾಬಿನವನು. ಎರಡು ವರ್ಷದಿಂದ ಒಂದೇ ಮಹಡಿ; ಎದುರುಬದುರು ಮಾತಾಡಿದ್ದು ಇದೇ ಮೊದಲು. ಎಲ್ಲರ ದನಿ ಅನುಕರಿಸಿ, ನಿರ್ದೇಶಕರ ಕೆಮ್ಮನ್ನೂ ಬಿಡದೆ ಕೆಮ್ಮಿ ತೋರಿಸಿ ಕ್ಯಾಂಟೀನನ್ನೆಲ್ಲ ನಗಿಸುವವನು. ಇವತ್ತಿನ ದನಿ ಮಾತ್ರ ಅವನದೇ... ಒಡೆದ ದನಿ.

ಮೂವತ್ತು ಸಾವಿರ ಜನರ ರಕ್ತದಲ್ಲಿ ಜೀನುಗಳನ್ನು ಓದಿ, ಹೃದಯದ ಒಂದು ಕಾಯಿಲೆಯ ಮೂಲ ಹುಡುಕುವ ಅಧ್ಯಯನವದು. ರಕ್ತವನ್ನು ಪ್ಲೇಟಿನ ಪುಟ್ಟ ಗುಳಿಗಳಿಗೆ ತುಂಬುವುದು ಅವನ ಕೆಲಸ; ಕೆಟ್ಟ ಮಾದರಿಗಳನ್ನು ಲೆಕ್ಕ ಹಾಕಿ ಹೊರಗಿಡುವುದು ಅವಳದು. ಅದಕ್ಕೇ ಅವಳಿಗೆ 'ಜರಡಿ' ಎಂಬ ಅಡ್ಡಹೆಸರು. ಇಟ್ಟವನೂ ಇವನೇ. ಆ ಹೆಸರನ್ನು ಅವಳು ಒಳಗೊಳಗೇ ಇಷ್ಟಪಟ್ಟಿದ್ದಳು.

ಅವನ ತಂಗಿ ಅದೇ ಕಾಯಿಲೆಯಿಂದ ಹೋದ ವರ್ಷ ತೀರಿಕೊಂಡಿದ್ದಳು. ಯಾರಿಗಾದರೂ ಉಪಯೋಗವಾಗಲಿ ಎಂದು ಕೊಟ್ಟುಹೋಗಿದ್ದು ಒಂದೇ ಕೊಳವೆ ರಕ್ತ. ಅವನು ಮಾದರಿಯ ಸಂಖ್ಯೆ ಹೇಳಿದ.

ಆ ಸಂಖ್ಯೆ ಅವಳಿಗೆ ನೆನಪಿತ್ತು.

ಆ ಮಾದರಿಗೆ ಪಕ್ಕದ ಗುಳಿಯ ರಕ್ತ ಬೆರೆತಿತ್ತು. ಪಕ್ಕದ್ದು ಒಡಹುಟ್ಟಿದವರದ್ದೆಂದು ಲೆಕ್ಕ ಹೇಳಿತ್ತು. ಒಂದೇ ಮನೆಯವರನ್ನು ಪ್ಲೇಟಿನಲ್ಲಿ ಅಕ್ಕಪಕ್ಕ ಇಡಕೂಡದೆಂಬ ನಿಯಮವನ್ನು ಮುರಿದವರು ಯಾರು?

'ಇವನೇ... ಹೇಗೆ ಹೇಳಲಿ?'

"ರಕ್ತ ಹಳೇದಾಗಿತ್ತು," ಎಂದಳು.

"ಸುಳ್ಳು. ಮಗು ಥರ ಕಾಪಾಡಿದ್ದೆ ನಾನು."

ಅಂದಿನಿಂದ ಅವಳನ್ನು ಕಂಡರೆ ಅವನು ದಾರಿ ಬದಲಿಸುತ್ತಿದ್ದ. ಕ್ಯಾಂಟೀನಿನಲ್ಲಿ ಕೆಮ್ಮೂ ಇಲ್ಲ, ನಗುವೂ ಇಲ್ಲ.

ಮೂರು ತಿಂಗಳಿಗೆ, ಕೈಬಿಟ್ಟ ಮಾದರಿಗಳ ವರದಿ ಬಂತು. ಅದರಲ್ಲಿ ಅವಳು ಸುಳ್ಳು ಬರೆಯುವಂತಿರಲಿಲ್ಲ. ಮಧ್ಯಾಹ್ನ ಅವನು ಆ ಹಾಳೆ ಹಿಡಿದು ಬಂದು, ಅವಳ ಮುಂದೆ ಕುಸಿದು ಕುಳಿತ.

"ನಾನೇ ಅವಳನ್ನ ನನ್ನ ಪಕ್ಕದ ಗುಳಿಯಲ್ಲಿಟ್ಟಿದ್ದು," ಎಂದ. "ಸೂಜಿ ಅಂದ್ರೆ ಭಯ ಅವಳಿಗೆ. ನನ್ನ ಕೈ ಹಿಡ್ಕೊಂಡೇ ರಕ್ತ ಕೊಟ್ಲು; ಜೊತೆಗೆ ನಾನೂ ಕೊಟ್ಟೆ. ಅಲ್ಲೂ ಒಬ್ಬಳೇ ಆಗಬಾರದು ಅನ್ನಿಸ್ತು... ನಿಮಗೆ ಅವತ್ತೇ ಗೊತ್ತಿತ್ತಲ್ವಾ?"

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

"ಮೂರು ತಿಂಗಳು ನಿಮ್ಮಿಬ್ಬರನ್ನ ಬೇರೆ ಮಾಡೋಕೆ ನೋಡಿದೆ. ನಿಮ್ಮದನ್ನ ಕಳೆದು ಅವಳದನ್ನ ಉಳಿಸ್ಕೊಳ್ಳೋಣ ಅಂತ. ಆಗಲಿಲ್ಲ. ಎಲ್ಲಿ ಅವಳು ಮುಗಿದು ಎಲ್ಲಿ ನೀವು ಶುರುವಾಗ್ತೀರೋ... ತಿಳೀಲೇ ಇಲ್ಲ."

ಅವನು ಮುಖ ಮುಚ್ಚಿಕೊಂಡು ಅತ್ತ. ತಂಗಿಯನ್ನು ಮಣ್ಣು ಮಾಡಿದ ದಿನ ಬಾರದ ಅಳು. ಎಲ್ಲರ ದನಿಯೂ ತನಗೆ ಬರುತ್ತದೆ, ತಂಗಿಯದ್ದು ಮಾತ್ರ ಮರೆತುಹೋಗುತ್ತಿದೆ ಎಂದು ಬಿಕ್ಕಿದ. ಅವಳು ಅವನ ಕೈ ಹಿಡಿದುಕೊಂಡಳು, ಸೂಜಿಗೆ ಹೆದರಿದವರ ಕೈ ಹಿಡಿಯುವಂತೆ.

ಕಣ್ಣೊರೆಸಿಕೊಂಡು ಅವನು ಕೇಳಿದ: "ಊಟ ಆಯ್ತಾ?"

"ಇಲ್ಲ."

"ಕ್ಯಾಂಟೀನಲ್ಲಿ ನಿಮ್ಮ ಪಕ್ಕ ಕೂತ್ರೆ ನಿಯಮ ಮುರಿದ ಹಾಗಾಗುತ್ತಾ?"

"ಆ ನಿಯಮ ಒಂದೇ ಮನೆಯವರಿಗೆ," ಎಂದಳು ಅವಳು, ಕೈ ಬಿಡದೆ. "ನಾವಿನ್ನೂ... ಆಗಿಲ್ವಲ್ಲ."