ಸುಣ್ಣದ ತಿಳಿ

ಒಬ್ಬ ಗಂಡಸನ್ನು ಮೊದಲ ಸಲ ನೋಡಿದಾಗಲೇ ಹೊಟ್ಟೆ ತೊಳಸಿದರೆ ಅದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ನನಗೆ ಆಗಿದ್ದಂತೂ ಅದೇ.

ಮುನವಳ್ಳಿ ಪೇಟೆಯಲ್ಲಿ ನನ್ನದು ಕುಡಿಯುವ ನೀರಿನ ಅಂಗಡಿ. ಒಂದು ಫಿಲ್ಟರ್ ಮಷೀನು, ಎರಡು ನಲ್ಲಿ, ಮುಂದೆ ಕ್ಯಾನು ಹಿಡಿದ ಜನ. ಅಷ್ಟು ಮಂದಿಯ ಎದುರಿಗೇ ಅವನು ಜೇಬಿನಿಂದ, ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್ನಿನಂಥ ಮೀಟರು ತೆಗೆದು ನನ್ನ ನೀರಿಗೆ ಅದ್ದಿದ. ಅಂಗಿಯಿಂದ ಕೊಳೆತ ಮೀನಿನ ನಾತ. ಮೊಣಕೈಗೆ ಹಸಿರು ಲೋಳೆ ಅಂಟಿತ್ತು.

"ಬಾಯಾರ, ನಿಮ್ಮ ನೀರು ಪೂರಾ ಶುದ್ಧ ಇಲ್ಲರಿ," ಅಂದ.

"ಏನಂದಿ? ಊರ ಮಂದಿ ಕುಡಿಯೂ ನೀರಿಗೆ ಹೆಸರ ಇಡತೀಯೇನ? ಮೊದಲ ನಿನ್ನ ಮೈ ತೊಳ್ಕೋ ಹೋಗು!"

"ಕುಡಿಯಾಕ ಭೇಷ್ ಐತ್ರಿ. ನನಗ ಮೀಟರ್‌ನ್ಯಾಗ ಸೊನ್ನಿ ಬೇಕು."

"ಸೊನ್ನಿ ಬೇಕಾದ್ರ ಸಾಲಿಗೆ ಹೋಗು. ಮಾಸ್ತರ ಕೊಡತಾನ."

ಮಂದಿ ನಕ್ಕರು. ಅವನೂ ನಕ್ಕ. ನಗುವಾಗ ಕಣ್ಣಂಚಿನಲ್ಲಿ ಒತ್ತಾಗಿ ನಿರಿಗೆ ಬಿದ್ದವು. ಮುಖ ತಿರುಗಿಸಿಕೊಂಡೆ. ಆದರೂ ನೋಡಿಬಿಟ್ಟಿದ್ದೆ.

ಹೆಸರು ಗೌರೀಶ. ಮೂಲೆಯಲ್ಲಿರುವ ಸೀರೆ-ಪತ್ತಲದ ಅಂಗಡಿ ಅವನದೇ. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ನನ್ನ ಗಂಡ ಸವದತ್ತಿಯಲ್ಲಿ ಬೇರೊಬ್ಬಳನ್ನು ಕಟ್ಟಿಕೊಂಡಿದ್ದ. ಅವನನ್ನು ಕೋರ್ಟಿನಲ್ಲಿ ಬಿಟ್ಟು, ಕೈತೊಳೆದುಕೊಂಡು ಬಂದವಳು ನಾನು.

ಸಿಟ್ಟಿಗೇ ಮಷೀನಿಗೆ ಇನ್ನೊಂದು ಫಿಲ್ಟರ್ ಕೂಡಿಸಿದೆ. ಮುಂದಿನ ವಾರ ಮೀಟರು ಸೊನ್ನೆ ತೋರಿಸಿತು. ಅದನ್ನು ನನಗೆ ತೋರಿಸುವ ನೆವದಲ್ಲಿ ಗೌರೀಶ ತೀರಾ ಹತ್ತಿರ ಬಂದ. ಅವತ್ತು ಗಂಧದ ಸೋಪು ಹಚ್ಚಿದ್ದ. ಸೋಪಿನ ಕೆಳಗೆ ಮೀನು ಹಾಗೇ ಇತ್ತು.

"ನನ್ನ ಸಲುವಾಗಿ ಮಾಡ್ಸೀರೇನ್ರಿ?"

"ನಿಮ್ಮ ಬಾಯಿ ಮುಚ್ಚಸಾಕ ಮಾಡ್ಸೇನಿ."

"ಮುಚ್ಚೂದಿಲ್ಲ ತಗೋರಿ," ಅಂದು ನನ್ನನ್ನೇ ನೋಡಿದ. ಕ್ಯಾನು ತುಂಬಿ ಹೊರಗೆ ಚೆಲ್ಲಿತು.

ಆಮೇಲೆ ವಾರ ವಾರವೂ ಬಂದ. ಒಂದು ದಿನ, ನೀರು ಎಲ್ಲಿಗೆ ಹೋಗುತ್ತದೆಂದು ತೋರಿಸಲು ಮನೆಗೆ ಕರೆದುಕೊಂಡು ಹೋದ. ಪಡಸಾಲೆಯ ತುಂಬ ಒಂದು ಗಾಜಿನ ತೊಟ್ಟಿ. ನನ್ನ ಸೊನ್ನೆ ನೀರಿಗೆ ಸಮುದ್ರದ ಉಪ್ಪು ಬೆರೆಸಿ ಮುನವಳ್ಳಿಯೊಳಗೇ ಸಮುದ್ರ ಮಾಡಿಟ್ಟಿದ್ದ. ನೀಲಿ ಬೆಳಕಿನಲ್ಲಿ ಏನೇನೋ ಹಸಿ ಮಾಂಸದ ತುಣುಕುಗಳು ಬಾಯಿ ತೆರೆದು ಮುಚ್ಚುತ್ತಿದ್ದವು.

"ಇವ ಹವಳಾರಿ. ಕಲ್ಲಲ್ಲ, ಜೀವ. ನೀರಾಗಿನ ಸುಣ್ಣ ತಗೊಂಡು ಎಲುಬು ಕಟ್ಟತಾವ. ಅದಕ್ಕ ದಿನಾ ಸುಣ್ಣದ ತಿಳಿ ಹನಿ ಹನಿ ಬಿಡತೇನಿ. ಕಡಿಮಿ ಆದ್ರ ಸೊರಗತಾವ, ಹೆಚ್ಚಾದ್ರ ಸಾಯತಾವ. ನಿಮ್ಮ ಕೊರಳಾಗಿನ ಹವಳ ಇಂಥಾದರ ಎಲುಬೇ."

ಕೈ ತಾನೇ ಕೊರಳಿಗೆ ಹೋಯಿತು. ಇಷ್ಟು ವರ್ಷ ಯಾವುದೋ ಪ್ರಾಣಿಯ ಎಲುಬು ಹಾಕಿಕೊಂಡು ತಿರುಗಿದೆನಲ್ಲ! ಅಷ್ಟರಲ್ಲಿ ಅವನು ನೀರಿನ ಹೊಲಸು ನೊರೆ ಹಿಡಿಯುವ ಬಟ್ಟಲಿನ ಮುಚ್ಚಳ ತೆಗೆದ. ಒಳಗೆ ಕಪ್ಪು ಚಹದಂಥ ರಾಡಿ, ಅದರ ಮೇಲೆ ಜಿಡ್ಡಿನ ಕೆನೆ. ಆ ನಾತ ಮೂಗಿಗಲ್ಲ, ನೆತ್ತಿಗೇ ಹೊಡೆಯಿತು. ಹಿತ್ತಲಿಗೆ ಓಡಿ ಬೆಳಗಿನ ರೊಟ್ಟಿಯನ್ನೆಲ್ಲ ಕಾರಿಕೊಂಡೆ.

ಅವನು ತಂಬಿಗೆ ನೀರು ತಂದ. ನಾನು ಬಾಯಿ ಮುಕ್ಕಳಿಸುತ್ತಿರುವಾಗಲೇ ಕೇಳಿದ: "ಅನ್ನಪೂರ್ಣಾ ಅವರ, ಈ ಮನಿಗೆ ಬರತೀರೇನ್ರಿ? ಕಾಯಂ?"

ಹೊತ್ತುಗೊತ್ತು ತಿಳಿಯದ ಮನುಷ್ಯ. ನೀರು ಉಗುಳಿದೆ.

"ಆ ಗಾಜಿನ ಗಟಾರ ಇರೂತನಾ ಈ ಹೊಸ್ತಿಲಾ ತುಳಿಯೂದಿಲ್ಲ."

"ಜೀವ ಅದಾವರಿ. ಎಲ್ಲಿ ಒಗೀಲಿ?"

"ಹಂಗಾರ ಅವನ್ನ ಲಗ್ನಾಗ್ರಿ!"

ಅವನು ನೀರಿಗೆ ಬರುವುದು ನಿಂತಿತು. ಪೇಟೆಯಲ್ಲಿ ಎದುರಾದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ಅವನಿಗೆಂದು ತುಂಬಿದ ಒಂದು ಕ್ಯಾನು ನನ್ನ ಅಂಗಡಿಯಲ್ಲಿ ಸುಮ್ಮನೆ ಕುಳಿತಿತ್ತು. ಅದನ್ನು ಯಾರಿಗೂ ಕೊಡಲಿಲ್ಲ. ಯಾಕೆಂದು ಕೇಳಿದವರನ್ನು ಬೈದೆ.

ದೀಪಾವಳಿ ಹತ್ತಿರ ಬಂದಾಗ ಅವನ ಚಿಗವ್ವ ಕೃಷ್ಣವ್ವ ಏದುಸಿರು ಬಿಡುತ್ತ ಅಂಗಡಿಗೆ ಬಂದಳು. ಗೌರೀಶ ನೆಂಟರ ನಿಶ್ಚಯಕ್ಕೆ ರಾಮದುರ್ಗಕ್ಕೆ ಹೋಗಿದ್ದ.

"ಯವ್ವಾ, ಲಗೂನ ಬಾ. ಸುಣ್ಣದ ತಿಳಿ ಹಾಕಂತ ಹೇಳಿ ಹೋಗಿದ್ದ. ಹಾಕಿದೆ. ಮೀನ ಬೋರಲ ಬಿದ್ದಾವ!"

"ಯಾವ ತಿಳಿ ಹಾಕೀಯವ್ವಾ?"

"ಗ್ವಾಡಿಗೆ ಹಚ್ಚಾಕ ಕಲಸಿದ್ದ ಬಕೀಟಿನ್ಯಾಗಿಂದು. ರಾಡಿ ಹಾಕಿಲ್ಲವಾ, ಮೇಲಿನ ತಿಳೀನ ಎರಡು ಚಂಬು ಹಾಕೇನಿ."

ಗೋಡೆಯ ಸುಣ್ಣ. ಅದರಲ್ಲಿ ನೀಲಿ, ಅಂಟು, ಮತ್ತೇನೇನೋ. ಹನಿ ಹನಿ ಬೀಳಬೇಕಾದದ್ದು ಚಂಬು ಚಂಬು ಬಿದ್ದಿತ್ತು.

ಹೋಗಿ ನೋಡಿದರೆ ತೊಟ್ಟಿ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಹವಳಗಳು ಮುದುಡಿ ಮೂಗಿನ ಸಿಂಬಳದಂಥ ಲೋಳೆ ಸುರಿಸುತ್ತಿದ್ದವು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಗಟಾರ ತಾನಾಗಿಯೇ ಸಾಯುತ್ತಿತ್ತು, ನನ್ನ ಹಟ ಗೆಲ್ಲುತ್ತಿತ್ತು, ಆ ಹೊಸ್ತಿಲು ನನ್ನದಾಗುತ್ತಿತ್ತು. ಒಂದು ಕಿತ್ತಳೆ ಮೀನು ಗಾಜಿಗೆ ಬಾಯಿ ಹಚ್ಚಿ ಉಸಿರಿಗೆ ಒದ್ದಾಡುತ್ತಿತ್ತು. ಹೇಸಿಕೊಳ್ಳುವುದು ಬೇರೆ, ಸಾಯಲು ಬಿಡುವುದು ಬೇರೆ. ಫೋನ್ ಹಚ್ಚಿದೆ.

ಎಲ್ಲ ಕೇಳಿದ ಮೇಲೆ ಗೌರೀಶ, "ನೀವು ಕೈ ಹಾಕಬ್ಯಾಡ್ರಿ. ಸುಣ್ಣ ಕೈ ಸುಡತೈತಿ. ಬಿಡ್ರಿ, ಹೋಗ್ಲಿ," ಅಂದ. ದನಿ ಒಡೆದಿತ್ತು.

"ಬಾಯಿ ಮುಚ್ಚಿ ಏನ ಮಾಡೂದು ಹೇಳ್ರಿ."

"ಬಾಯಿ ಮುಚ್ಚಿ ಹೆಂಗ ಹೇಳ್ಲಿ?"

"ಗೌರೀಶ!"

"ಸಾದಾ ಸೋಡಾ ತರಸ್ರಿ. ನಿಂಬು ಹಾಕಿದ್ದು ಬ್ಯಾಡ. ಸೋಡಾದ ಗ್ಯಾಸು ಸುಣ್ಣದ ಖಾರಾ ಇಳಸತೈತಿ. ಸ್ವಲ್ಪ ಸ್ವಲ್ಪ ಹಾಕ್ರಿ. ಡ್ರಮ್ಮಿನ್ಯಾಗ ಉಪ್ಪಿನ ನೀರು ಕಲಸಿಟ್ಟೇನಿ. ಈ ನೀರು ತಗದು ಅದನ್ನ ತುಂಬ್ರಿ. ಸತ್ತದ್ದು ಒಳಗ ಬಿಡಬ್ಯಾಡ್ರಿ, ಉಳಿದದ್ದನ್ನೂ ಕೊಲ್ಲತೈತಿ."

ಕೃಷ್ಣವ್ವ ಸೋಡಾ ತಂದಳು. ನಾನು ಸೆರಗು ಸಿಕ್ಕಿಸಿ ಭುಜದವರೆಗೂ ಕೈ ಇಳಿಸಿದೆ. ಲೋಳೆ ಬೆರಳ ಸಂದಿಯಲ್ಲಿ ಜಾರುತ್ತಿತ್ತು. ಸತ್ತ ಬಸವನಹುಳುವೊಂದು ಹಿಡಿದೊಡನೆ ಚಿಪ್ಪು ಬಿಟ್ಟು ಅಂಗೈಯಲ್ಲಿ ಕರಗಿತು. ವಾಕರಿಸಿದೆ, ಬೈದೆ, ಮತ್ತೆ ಕೈ ಇಳಿಸಿದೆ. ಕೊನೆಗೆ ನನ್ನ ಅಂಗಡಿಯಲ್ಲಿ ಕುಳಿತಿದ್ದ ಆ ಕ್ಯಾನನ್ನೂ ತಂದು, ಉಪ್ಪು ಬೆರೆಸಿ ಸುರಿದೆ.

ಸಂಜೆ ಬಾಗಿಲು ಸಪ್ಪಳವಾಗಿ ಗೌರೀಶ ಒಳಗೆ ಬಂದ. ನಾನು ಒದ್ದೆ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದೆ. ಕೂದಲಲ್ಲೆಲ್ಲ ಮೀನಿನ ನಾತ. ಕೈ ಕೆಂಪಾಗಿ ಬಿರಿದಿದ್ದವು.

"ಅರ್ಧಕ್ಕಿಂತ ಹೆಚ್ಚು ಹೋದವ್ರಿ. ಆ ಕಿತ್ತಳಿ ಮೀನ ಉಳದೈತಿ. ನೋಡ್ರಿ ಹೋಗಿ," ಅಂದೆ.

ಅವನು ಆ ಕಡೆ ತಿರುಗಲಿಲ್ಲ. ನನ್ನ ಎದುರಿಗೆ ಮಂಡಿಯೂರಿ ಕುಳಿತು ಕೈ ಹಿಡಿದ. ತಣ್ಣೀರು ಹಾಕಿ ತೊಳೆದ. ಒಂದೊಂದೇ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿದ. ಹೊಸ ಪತ್ತಲದ ಮಡಿಕೆ ಬಿಡಿಸುವಷ್ಟು ಹಗುರಾಗಿ.

"ತೊಟ್ಟಿ ನೋಡ್ರಿ ಅಂದೆ."

"ನೋಡೂದಿಲ್ಲ. ನಾಳೆ ಉಳಿದದ್ದನ್ನ ಬೆಳಗಾಂವದಾಗ ಮೀನ ಸಾಕವರಿಗೆ ಕೊಟ್ಟುಬಿಡತೇನಿ. ನೀವು ಬರ್ರಿ."

ಮೈ ಉರಿದುಹೋಯಿತು. "ಕೊಡತೀರಾ? ದಿನಪೂರ್ತಿ ಸಿಂಬಳದಾಗ ಕೈ ಇಟ್ಟಾಕಿ ನಾನು, ಕೊಡವರು ನೀವೇನು? ಹಿತ್ತಲದಾಗ ಒಂದು ಖೋಲಿ ಕಟ್ಟಸ್ರಿ. ತೊಟ್ಟಿ ಅಲ್ಲಿ ಇಡ್ರಿ. ಆ ನೊರಿ ಬಟ್ಟಲಾ ನೀವ ತೊಳೀಬೇಕು. ತೊಳದ ಮ್ಯಾಲೆ ಜಳಕಾ ಮಾಡೇ ಒಳಗ ಬರಬೇಕು."

"ಬರತೇನಿ. ಒಳಗ ಯಾರಿರತಾರ್ರಿ?"

"ನಾ ಇರತೇನಿ. ಮತ್ಯಾರಿರತಾರ?"

ಅವನ ಕಣ್ಣು ತುಂಬಿದವು. ನನ್ನ ಅಂಗೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ. ಆ ಸತ್ತ ಬಸವನಹುಳುವಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಛೀ, ನಾತ ಐತಿ," ಅಂದೆ.

ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.