ಲಿಸ್ಬನ್‌ನಲ್ಲಿ ಒಂದು ಸೋಮವಾರ

"ಮೇಡಂ, ನೀವು ಲಿಸ್ಬನ್ ನೋಡಿದ್ದೀರಾ?"

ಕುವೈತ್ ನಗರದ ಮಿರ್ಕಾಬ್ ಬಡಾವಣೆಯ ಆ ಪುಟ್ಟ ಟ್ರಾವೆಲ್ ಆಫೀಸಿನಲ್ಲಿ ಎಲ್ಲರೂ ತಲೆಯೆತ್ತಿದರು. ಯಾಮಿನಿಯ ಮೇಜಿನ ಮುಂದೆ ಎತ್ತರದ ಯುವಕನೊಬ್ಬ ನಿಂತಿದ್ದ. ಕೈಯಲ್ಲಿ ಅವಳೇ ಟೈಪು ಮಾಡಿಕೊಟ್ಟ ಪ್ರವಾಸದ ಹಾಳೆ!

"ಇಲ್ಲ ಸರ್..."

"ಅದಕ್ಕೇ! ಸೋಮವಾರ ಬೆಲೆಮ್ ಗೋಪುರಕ್ಕೆ ಹೋದೆ, ಬಾಗಿಲು ಹಾಕಿತ್ತು. ಜೆರೋನಿಮೋಸ್ ಮಠಕ್ಕೆ ಓಡಿದೆ, ಅದೂ ಮುಚ್ಚಿತ್ತು. ಸೋಮವಾರ ಎರಡಕ್ಕೂ ರಜೆಯಂತೆ! ಶುಕ್ರವಾರ ಪೂರ್ತಿ ಖಾಲಿ ಬಿಟ್ಟಿದ್ದೀರಲ್ಲ, ಯಾಕೆ?"

"ಶುಕ್ರವಾರ ಎಲ್ಲಾ ಮುಚ್ಚಿರುತ್ತಲ್ಲ ಸರ್, ಅದಕ್ಕೆ..."

ಹೇಳುತ್ತಲೇ ಯಾಮಿನಿ ನಾಲಿಗೆ ಕಚ್ಚಿಕೊಂಡಳು. ಐದನೇ ತರಗತಿಯಿಂದ ಕುವೈತಿನಲ್ಲೇ ಬೆಳೆದವಳು. ಪೋರ್ಚುಗಲ್ ದೇಶಕ್ಕೂ ಇಲ್ಲಿನ ಶುಕ್ರವಾರದ ರಜೆಯನ್ನೇ ಹೊರಿಸಿಬಿಟ್ಟಿದ್ದಳು!

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಬಿದ್ದು ಬಿದ್ದು ನಕ್ಕ.

"ನಗಬೇಡಿ ಸರ್, ನನಗೆ ಅಳು ಬರ್ತಿದೆ."

"ಅಳಬೇಡಿ. ಒಂದು ಚಾ ಕೊಡಿಸಿ, ಖಲಾಸ್!"

ಅವನ ಹೆಸರು ಧನಂಜಯ್. ಕಟ್ಟಡಗಳ ಎಂಜಿನಿಯರ್. ಅಂದಿನಿಂದ ಪ್ರತಿ ಗುರುವಾರ ಆಫೀಸು ಮುಗಿಸಿ, ಲಿಸ್ಬನ್‌ನ ಫೋಟೋ ತೋರಿಸಲು ಕ್ಯಾಮೆರಾ ಹಿಡಿದು ಬರತೊಡಗಿದ.

"ಇದು ಕಾರ್ಮೋ ಮಠ. ನೋಡಿ, ಕಮಾನುಗಳಿವೆ, ಮೇಲೆ ಸೂರೇ ಇಲ್ಲ."

"ಸಾವಿರದ ಏಳುನೂರ ಐವತ್ತೈದರ ಭೂಕಂಪ," ಎಂದಳು ಯಾಮಿನಿ ಥಟ್ಟನೆ. "ಹಬ್ಬದ ದಿನ, ಜನ ಎಲ್ಲಾ ಚರ್ಚಿನಲ್ಲಿದ್ರು. ನೆಲ ನಡುಗಿತು, ಆಮೇಲೆ ಸಮುದ್ರ ಉಕ್ಕಿ ಬಂತು, ಆಮೇಲೆ ದಿನಗಟ್ಟಲೆ ಬೆಂಕಿ."

"ಅಬ್ಬಾ! ಇಷ್ಟೆಲ್ಲ ಗೊತ್ತು, ರಜೆ ಯಾವತ್ತು ಅಂತ ಮಾತ್ರ ಗೊತ್ತಿಲ್ಲ!"

"ಸರ್!"

"ಸರಿ, ಸರಿ. ಊರನ್ನ ಮತ್ತೆ ಕಟ್ಟುವಾಗ ಗೋಡೆಗಳೊಳಗೆ ಮರದ ಪಂಜರ ಇಟ್ಟರು. ಮಾದರಿ ಮನೆ ಸುತ್ತ ಸೈನಿಕರ ಕೈಲಿ ಕವಾಯತು ಮಾಡಿಸಿ, ಅಲ್ಲಾಡುತ್ತಾ ಅಂತ ನೋಡಿದರಂತೆ!"

ಯಾಮಿನಿ ಕಣ್ಣರಳಿಸಿ ಕೇಳಿದಳು. ಪಕ್ಕದ ಮೇಜಿನ ಡೋಲ್ಫಿ ಮಂಗಳೂರಿನವರು, ಸುಮ್ಮನಿರುವವರಲ್ಲ.

"ಎಂಥ ಮಾರಾಯ್ತಿ, ಇವರು ಟಿಕೆಟ್ ಮಾಡ್ಲಿಕ್ಕೆ ಬರುದಾ, ಪಾಠ ಮಾಡ್ಲಿಕ್ಕೆ ಬರುದಾ?"

ಅವಳ ಕೆನ್ನೆ ಕೆಂಪಾಯಿತು. ಗುರುವಾರ ಬಂತೆಂದರೆ ಕಣ್ಣು ತಾನಾಗಿ ಬಾಗಿಲಿನತ್ತ ಹೋಗುತ್ತಿತ್ತು. 'ಹೇಳಿಬಿಡಲೇ? ಅವರಾಗಿ ಹೇಳುವವರೆಗೂ ಕಾಯಲೇ?'

ಕಾದಳು... ಅದೇ ತಪ್ಪಾಯಿತೇನೋ.

ಅಕ್ಟೋಬರಿನ ಒಂದು ಗುರುವಾರ ಅವನು ಕುಣಿಯುತ್ತಲೇ ಬಂದ.

"ಡಿಸೆಂಬರ್‌ನಲ್ಲಿ ಮದುವೆ! ಜನವರಿಗೆ ಲಿಸ್ಬನ್, ಇಬ್ಬರಿಗೆ. ಪಾಸ್‌ಪೋರ್ಟ್ ಮುಂದಿನ ವಾರ ತರ್ತೀನಿ. ಹುಡುಗಿಗೆ ಏನು ಇಷ್ಟ ಆಗುತ್ತೋ, ನೀವೇ ಯೋಚಿಸಿ ಬರೀರಿ."

"ಕಂಗ್ರಾಟ್ಸ್ ಸರ್..." ಎಂದು ಅವಳು ತಲೆ ತಗ್ಗಿಸಿ ಹೊಸ ಫೈಲೊಂದನ್ನು ತೆಗೆದಳು.

ಆ ವಾರವೆಲ್ಲ ಅವಳು ಬರೆದಳು. ಬೆಳಿಗ್ಗೆ ಸಾವೊ ಜಾರ್ಜ್ ಕೋಟೆ, ಅಲ್ಲಿಂದ ಕೆಳಗೆ ಕಾಣುವ ಕೆಂಪು ಹೆಂಚಿನ ಮನೆಗಳು. ಮಧ್ಯಾಹ್ನ ಆಲ್ಫಾಮಾದ ಕಿರಿದಾದ ಓಣಿಗಳು. ಇಳಿಹೊತ್ತಿಗೆ ತೇಜೊ ನದಿಯ ದಂಡೆ... ಬರೆದಷ್ಟೂ ಕಣ್ಣು ಮಂಜಾಗುತ್ತಿತ್ತು.

ಮುಂದಿನ ಗುರುವಾರ ಅವನು ಕುಳಿತ ಕೂಡಲೇ ಫೈಲನ್ನು ಅವನತ್ತ ತಳ್ಳಿದಳು.

"ಇದನ್ನ ಡೋಲ್ಫಿಯವರಿಗೆ ಕೊಡಿ ಸರ್. ನನ್ನಿಂದ ಆಗಲ್ಲ."

"ಯಾಕೆ? ಏನಾಯ್ತು?"

'ಈಗ ಹೇಳದಿದ್ದರೆ ಇನ್ಯಾವತ್ತೂ ಇಲ್ಲ...' ಅವಳು ಉಸಿರು ಬಿಗಿಹಿಡಿದಳು.

"ಪ್ರತಿ ಬೀದಿಯಲ್ಲೂ ನಿಮ್ಮ ಜೊತೆ ನಾನೇ ನಡೀತಿದ್ದೀನಿ ಅಂದ್ಕೊಂಡು ಬರೆದೆ. ಅದನ್ನ ಎತ್ತಿ ನಿಮ್ಮ ಹೆಂಡತಿ ಕೈಗೆ ಕೊಡೋಕೆ ಮನಸ್ಸು ಬರ್ತಿಲ್ಲ. ತಪ್ಪು ತಿಳ್ಕೋಬೇಡಿ."

ಧನಂಜಯ್ ಮೆಲ್ಲನೆ ಎರಡು ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟ. ಒಂದರಲ್ಲಿ ನಗುಮುಖದ ಹುಡುಗಿ. ಇನ್ನೊಂದರಲ್ಲಿ ಕನ್ನಡಕದ, ದಪ್ಪ ಮೀಸೆಯ ಅಪರಿಚಿತ!

"ನನ್ನ ತಂಗಿ. ಇವರು ಅವಳ ಭಾವೀ ಗಂಡ. ಇಬ್ಬರೂ ಇಲ್ಲೇ ಬ್ಯಾಂಕಲ್ಲಿದ್ದಾರೆ."

"ಅಯ್ಯೋ ದೇವರೇ!" ಯಾಮಿನಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. "ಮದುವೆ ಯಾರದು ಅಂತ ನೀವು ಹೇಳಲೇ ಇಲ್ಲ!"

"ನೀವು ಕೇಳಲೇ ಇಲ್ಲ. ತಂಗಿ ಆಫೀಸಿನ ಕೆಳಗೇ ಟ್ರಾವೆಲ್ ಏಜೆನ್ಸಿ ಇದೆ, ಗೊತ್ತಾ? ಅವಳ ಜೊತೆ ಜಗಳ ಆಡಿ ಈ ಕೆಲಸ ಕಿತ್ಕೊಂಡು ಬಂದೆ. ಇಲ್ಲಿಗೆ ಬರೋಕೆ ಏನಾದ್ರೂ ನೆಪ ಬೇಕಿತ್ತು, ನನ್ನ ಹತ್ರ ಫೋಟೋಗಳೆಲ್ಲ ಮುಗಿದಿದ್ವು..."

ಪಕ್ಕದ ಮೇಜಿನಿಂದ ದೊಡ್ಡ ನಿಟ್ಟುಸಿರು ಕೇಳಿಸಿತು. "ಅಂತೂ ಇಂತೂ! ಯಲ್ಲಾ, ಹೊರಟೆ, ನಾನು ಚಾ ತರ್ತೇನೆ," ಎಂದು ಡೋಲ್ಫಿ ಎದ್ದು ಹೋದರು.

"ಯಾಮಿನಿ, ಇನ್ಮೇಲೆ 'ಸರ್' ಬೇಡ."

"ಮತ್ತೆ ಏನನ್ನಲಿ?"

"ಹೆಸರು ಸಾಕು."

ಅವಳು ಬೆರಳ ಸಂದಿಯಿಂದ ನೋಡಿದಳು.

"ಧನಂಜಯ್..."

"ಹೂಂ?"

"ಅಪ್ಪ ಸಂಜೆ ಏಳಕ್ಕೆ ಮನೆಯಲ್ಲಿರ್ತಾರೆ. ತಡ ಮಾಡಬೇಡಿ!"